ಓದಿ ಹೇಳದ ಕಾಗದ

ಧನಕವಡಿ, ಪುಣೆ
೯ ಜೂನ್ ೨೦೨೫

ಚಂದಮ್ಮನವರಿಗೆ,

ನೀವು ನನ್ನನ್ನು ಬಲ್ಲವರಲ್ಲ. ನನ್ನ ಹೆಸರು ರಂಜಿನಿ, ವಯಸ್ಸು ಇಪ್ಪತ್ತನಾಲ್ಕು. ಇಲ್ಲಿ ಒಂದು ಕಾಲೇಜಿನ ಎದುರಿಗಿರುವ ಝೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಎರಡು ವರ್ಷದ ಹಿಂದೆ ಹರ್ಷದಾ ಎಂಬ ವಕೀಲೆ ಮರಣದಂಡನೆಯ ವಿರುದ್ಧದ ಒಂದು ಕರಪತ್ರವನ್ನು ಐನೂರು ಪ್ರತಿ ಮಾಡಿಸಲು ಬಂದರು. ಯಂತ್ರ ಓಡುತ್ತಿದ್ದಾಗ ನಾನು ನಿಂತು ಓದಿದೆ. ಅಂದಿನಿಂದ ಅವರು ತಂದದ್ದನ್ನೆಲ್ಲ ಓದಿದ್ದೇನೆ. ಕಾಲೇಜಿಗೆ ಹೋದವಳಲ್ಲ, ಎದುರಿಗೆ ಕೂತು ಕಲಿತವಳು.

ನಿಮ್ಮ ತೀರ್ಪಿನ ಪ್ರತಿಯನ್ನೂ ಓದಿದ್ದೇನೆ. ೨೦೧೬ರ ಆಗಸ್ಟ್‌ನಲ್ಲಿ ಇದೇ ಊರಿನ ಕೊಂಢವಾ ಬಡಾವಣೆಯ ಒಂದು ಮನೆಯಲ್ಲಿ ಮೂವರ ಕೊಲೆಯಾಯಿತು. ಅತ್ತೆ, ಸೊಸೆ, ನಾಲ್ಕು ವರ್ಷದ ಮಗು. ನೀವು ಆ ಮನೆಯ ಅಡಿಗೆಯವರು. ಕಳವಿಗೆ ನುಗ್ಗಿದವನು ನಿಮ್ಮ ಮೈದುನ. ಅವನು ವಿಚಾರಣೆ ಮುಗಿಯುವ ಮೊದಲೇ ಕ್ಷಯದಿಂದ ಸತ್ತ. ಉಳಿದವರು ನೀವೊಬ್ಬರೇ, ಹಾಗಾಗಿ ನೇಣು ನಿಮಗೊಬ್ಬರಿಗೇ ಬಂತು. ಹಿರಿಯರಿಬ್ಬರನ್ನು ಕೊಂದವನು ಅವನು, ಮಗುವನ್ನು ಕೊಂದವರು ನೀವು ಎಂದು ಕೋರ್ಟು ಹೇಳಿದೆ. ‘ಹೆಣ್ಣಾಗಿದ್ದೂ, ಮಗುವಿಗೆ ಎರಡನೆಯ ತಾಯಿಯಂತಿದ್ದೂ’ ಎಂಬ ಮಾತು ತೀರ್ಪಿನಲ್ಲಿ ಮೂರು ಕಡೆ ಬರುತ್ತದೆ. ಗಂಡಸಿಗೆ ಅವನು ಮಾಡಿದ್ದಕ್ಕಾಗಿ ನೇಣು. ಹೆಂಗಸಿಗೆ ಅವಳು ಏನಾಗಿರಬೇಕಿತ್ತೋ ಅದಾಗಲಿಲ್ಲ ಎಂಬುದಕ್ಕಾಗಿ ನೇಣು.

ಈ ದೇಶದಲ್ಲಿ ಹೆಣ್ಣನ್ನು ಗಲ್ಲಿಗೇರಿಸಿ ಎಷ್ಟೋ ದಶಕಗಳಾದವು. ಸರಕಾರಕ್ಕೆ ಈಗ ಒಬ್ಬಳು ಬೇಕಾಗಿದ್ದಾಳೆ ಎಂಬುದು ನನ್ನ ಗುಮಾನಿ. ಅದಕ್ಕೆ ಒಳ್ಳೆಯ ವಕೀಲರಿಲ್ಲದ, ಓದು ಬಾರದ, ಬೇರೆ ರಾಜ್ಯದ ಬಡ ಹೆಂಗಸಿಗಿಂತ ಅನುಕೂಲದವಳು ಯಾರಿದ್ದಾರೆ? ದಿಲ್ಲಿಯ ಕೋರ್ಟಿನಲ್ಲಿ ನಿಮ್ಮ ಕೊನೆಯ ಅರ್ಜಿ ಇನ್ನೂ ಬಾಕಿ ಇದೆ. ಈಗ ಹರ್ಷದಾ ಅದನ್ನು ನೋಡಿಕೊಳ್ಳುತ್ತಿದ್ದಾರೆ. ಅವರಿಗೆ ಕನ್ನಡ ಬಾರದು. ಆದ್ದರಿಂದ ನಾನು ಬರೆಯುತ್ತಿದ್ದೇನೆ. ನಾನು ನಿಮ್ಮ ಸಂಬಂಧಿಯಲ್ಲ, ವಕೀಲೆಯಲ್ಲ; ಭೇಟಿಗೆ ಬರಲು ಬಿಡುವುದಿಲ್ಲ.

ಈ ಪತ್ರ ನಿಮ್ಮ ಕೈಗೆ ಬರುವ ಮೊದಲು ಜೈಲಿನವರು ಓದುತ್ತಾರೆಂದು ಗೊತ್ತು. ಓದಲಿ. ಓದುವವರಿಗೂ ನಮಸ್ಕಾರ.

ನಿಮ್ಮ ಪರವಾಗಿ ನಿಂತಿರುವ,
ರಂಜಿನಿ

*

೨ ಜುಲೈ ೨೦೨೫
ಮಹಿಳಾ ಜೈಲು, ಪುಣೆ

ಶ್ರೀಮತಿ ರಂಜಿನಿಯವರಿಗೆ ಚಂದಮ್ಮಳ ಅನಂತ ನಮಸ್ಕಾರಗಳು.

ಉಭಯ ಕುಶಲೋಪರಿ. ತಮ್ಮ ಪತ್ರವು ತಲುಪಿ ಪರಮ ಸಂತೋಷವಾಯಿತು. ಈ ಅಬಲೆಯ ಮೇಲೆ ತಾವು ತೋರಿದ ಕರುಣೆಗೆ ಚಿರಋಣಿಯಾಗಿರುತ್ತೇನೆ. ಇಲ್ಲಿ ನನ್ನ ಆರೋಗ್ಯವು ಚೆನ್ನಾಗಿದ್ದು ಅಧಿಕಾರಿಗಳು ಸೌಜನ್ಯದಿಂದ ನಡೆದುಕೊಳ್ಳುತ್ತಾರೆ. ಮುಂದಿನದು ದೈವೇಚ್ಛೆ. ತಮ್ಮ ಕುಟುಂಬದ ಹಿರಿಯರಿಗೆ ನನ್ನ ಪ್ರಣಾಮಗಳನ್ನು ತಿಳಿಸಬೇಕಾಗಿ ವಿನಂತಿ.

ಇತಿ ತಮ್ಮ ವಿಧೇಯಳು,
ಚಂದಮ್ಮ (ಹೆಬ್ಬೆರಳ ಗುರುತು)

*

ಧನಕವಡಿ
೧೨ ಜುಲೈ ೨೦೨೫

ಚಂದಮ್ಮನವರ ಪತ್ರ ಬರೆದುಕೊಟ್ಟವರಿಗೆ,

ನೀವು ಯಾರು? ಪತ್ರದಲ್ಲಿ ನಿಮ್ಮ ಹೆಸರಿಲ್ಲ. ಅಕ್ಷರ ದುಂಡಗಿದೆ, ಒಂದೂ ತಪ್ಪಿಲ್ಲ. ಇಂಡಿ ತಾಲೂಕಿನಿಂದ ಕಲ್ಲು ಹೊರಲು ಬಂದು ಅಡಿಗೆಗೆ ನಿಂತ ಹೆಂಗಸು ತನ್ನನ್ನು ತಾನು ‘ಅಬಲೆ’ ಎಂದು ಕರೆದುಕೊಂಡಳೆಂದು ನಾನು ನಂಬಬೇಕೇ? ‘ಅಧಿಕಾರಿಗಳು ಸೌಜನ್ಯದಿಂದ’ ಎಂಬ ವಾಕ್ಯ ಯಾರಿಗಾಗಿ ಬರೆದದ್ದು? ನನಗಂತೂ ಅಲ್ಲ.

ನೇಣಿನ ಶಿಕ್ಷೆಯಾದ ಹೆಂಗಸಿನ ಮಾತನ್ನು ಒಬ್ಬೊಬ್ಬರು ಒಂದೊಂದು ಭಾಷೆಯಲ್ಲಿ ಆಡಿದ್ದಾರೆ. ಪೊಲೀಸರು ಮರಾಠಿಯಲ್ಲಿ, ಕೋರ್ಟು ಇಂಗ್ಲಿಷಿನಲ್ಲಿ. ಈಗ ನೀವು ಗ್ರಂಥದ ಕನ್ನಡದಲ್ಲಿ. ಅವಳು ಏನು ಹೇಳಿದಳೋ ಅದನ್ನು ಹಾಗೇ ಬರೆಯಿರಿ. ಬೈದಿದ್ದರೆ ಬೈಗುಳ ಬರೆಯಿರಿ. ಏನೂ ಹೇಳದಿದ್ದರೆ ಖಾಲಿ ಕಾಗದ ಕಳಿಸಿ, ಅದನ್ನು ನಂಬುತ್ತೇನೆ.

ರಂಜಿನಿ

*

೫ ಆಗಸ್ಟ್ ೨೦೨೫
ಮಹಿಳಾ ಜೈಲು

ರಂಜಿನಿಗೆ ಚಂದಮ್ಮ ಹೇಳಿ ಬರಿಸೂದು.

ನಿನ್ನ ಕಾಗದ ಇಲ್ಲಿ ಬರದುಕೊಡೂ ಇಂದಕ್ಕ ಓದಿದಳು. ಓದಿ ಅರ್ಧಾ ತಾಸು ಮಾರಿ ಊದಿಸ್ಕೊಂಡು ಕುಂತಳು. ಆಕಿ ಬೆಳಗಾವ್ಯಾಗ ಸಾಲಿ ಕಲಸೂ ಬಾಯಿ ಇದ್ದಾಕಿ. ಕಾಗದ ಅಂದ್ರ ಹಂಗಽ ಬರೀಬೇಕು ಅಂತ ತಿಳಕೊಂಡಾಳ. ನಾ ಅಂದೆ, ಅಕ್ಕಾ, ಸಿಟ್ಟಾಗಬ್ಯಾಡ, ಆ ಹುಡುಗಿ ಹೇಳೂದು ಖರೆ ಅದ, ನೀ ಮದಲಿನ ಕಾಗದ ಓದಿ ತೋರಿಸಿದಾಗ ನಾ ಏನಂದೀನಿ ಅಂತ ನನಗಽ ತಿಳೀಲಿಲ್ಲ. ಈಗ ನಾ ಅಂದಂಗ ಬರೀತಾಳ. ನಡುನಡುವ ಹಲ್ಲ ಕಡೀತಾಳ. ಇದನ್ನೂ ಬರಿ ಅಂದೀನಿ.

ನಿನ್ನ ಮದಲಿನ ಕಾಗದದಾಗ ಸರಕಾರ, ಕೋರ್ಟು ಇವು ಎಷ್ಟೋ ಸಲ ಬಂದಾವ. ಊಟ ಮಾಡಿದಿ ಏನು ಅಂತ ಒಮ್ಮೆ ಇಲ್ಲ. ಎಂಥಾ ಮನ್ಯಾಗ ಬೆಳದಿ?

ಅದನ್ನಽ ಕೇಳಬೇಕಾಗ್ಯದ. ನೀ ಯಾರ ಪೈಕಿ? ಪುಣೇದಾಗಿನ ಕನ್ನಡದವರಿಗೆ ಒಬ್ಬರ ಗುರುತು ಒಬ್ಬರಿಗೆ ಇದ್ದಽ ಇರತದ. ಕೊಂಢವಾದ ಆ ಮನ್ಯಾಗ ಶುಕ್ರವಾರಕ್ಕೊಮ್ಮೆ ಭಜನಿ ಇರತಿತ್ತು. ಧನಕವಡೀಲಿಂದ ಸೈತ ಹೆಣ್ಮಕ್ಕಳು ಬರತಿದ್ರು. ಎಲ್ಲಾರಿಗೂ ನಾನಽ ಚಾ ಕೊಡತಿದ್ದೆ. ನೀ ಆ ಮನಿಯವರು ಕಳಿಸಿದಾಕಿ ಅಲ್ಲಲಾ? ನನ್ನ ಬಾಯಿಲೆ ಏನರೆ ಹೊಂಡಸಾಕ ಬಂದಾಕಿ? ಒಂಬತ್ತು ವರ್ಷದಾಗ ನನಗ ಯಾರೂ ಸುಮ್ಮ ಕಾಗದ ಬರದಿಲ್ಲ. ಬಂದವರೆಲ್ಲ ಏನರೆ ಒಂದು ಒಯ್ಯಾಕ ಬಂದವರು.

ಅಲ್ಲಂದ್ರ ಅಲ್ಲ ಅಂತ ಬರಿ. ಹೌದಂದ್ರ ಹೌದು ಅಂತ ಬರಿ. ನಡುವಿಂದು ಬ್ಯಾಡ.

ಚಂದಮ್ಮ (ಹೆಬ್ಬೆರಳ ಗುರುತು)

ಬರೆದವಳ ಟಿಪ್ಪಣಿ: ನಾನು ಜೈಲಿನ ಸಿಬ್ಬಂದಿಯಲ್ಲ, ಜೀವಾವಧಿಯ ಕೈದಿ. ಕನ್ನಡ ಪತ್ರಗಳನ್ನು ತಪಾಸಣೆ ಮಾಡಲು ಜತ್ ಕಡೆಯ ಒಬ್ಬ ಸಿಬ್ಬಂದಿ ಬಾಯಿ ವಾರಕ್ಕೊಮ್ಮೆ ಬರುತ್ತಾರೆ, ತಡವಾಗುವುದು ಅದಕ್ಕೆ. ‘ಅಬಲೆ’ ನನ್ನ ಪದ. ಹಿಂದಕ್ಕೆ ತೆಗೆದುಕೊಂಡಿದ್ದೇನೆ. — ಇಂದೂ

*

ಧನಕವಡಿ
೨೦ ಆಗಸ್ಟ್ ೨೦೨೫

ಚಂದಮ್ಮನವರಿಗೆ,

ಊಟ ಮಾಡಿದಿರಾ? ಮೊದಲು ಕೇಳದೆ ಇದ್ದದ್ದು ತಪ್ಪು.

ಅಲ್ಲ. ನಾನು ಆ ಮನೆಯವರು ಕಳಿಸಿದವಳಲ್ಲ. ನಮ್ಮ ಮನೆಯಲ್ಲಿ ಅವರನ್ನು ಬಲ್ಲವರು ಯಾರೂ ಇಲ್ಲ. ನನ್ನ ತಂದೆ ಧಾರವಾಡದವರು. ಕಾತ್ರಜ್ ಹತ್ತಿರದ ಒಂದು ಕಾರ್ಖಾನೆಯಲ್ಲಿದ್ದರು, ತೀರಿಕೊಂಡರು. ಅಮ್ಮ ಮನೆಯಲ್ಲಿರುತ್ತಾಳೆ. ಅಷ್ಟೇ.

ಈಗ ಕೆಲಸದ ಮಾತು. ತೀರ್ಪನ್ನು ನಾನು ಸಾಲು ಸಾಲಾಗಿ ಓದಿದ್ದೇನೆ, ಪೆನ್ಸಿಲ್ ಹಿಡಿದು. ಪೊಲೀಸರ ಪಂಚನಾಮೆಯಲ್ಲಿ, ಮಗುವಿನ ಮುಖಕ್ಕೆ ದಿಂಬು ಒತ್ತಿದೆ ಎಂದು ನೀವೇ ಹೇಳಿ ಆ ದಿಂಬನ್ನು ತೋರಿಸಿದಿರಿ ಎಂದಿದೆ. ಡಾಕ್ಟರ ವರದಿಯಲ್ಲಿ ದಿಂಬಿನ ಸುಳಿವೇ ಇಲ್ಲ. ದಿಂಬಿನ ಮೇಲೆ ಎಂಜಲಿಲ್ಲ, ರಕ್ತವಿಲ್ಲ, ಏನೂ ಇಲ್ಲ. ಅದನ್ನು ಯಾರೋ ಮಂಚದಿಂದ ಎತ್ತಿ ತಂದು ಚೀಟಿ ಅಂಟಿಸಿದ್ದಾರೆ. ಕೋರ್ಟುಗಳಲ್ಲಿ ಯಾರೂ ಇದನ್ನು ಹಿಡಿದು ಕೇಳಿಲ್ಲ.

ನನಗೆ ಎಲ್ಲವೂ ಕಣ್ಣಿಗೆ ಕಟ್ಟಿದಂತಿದೆ. ಮೈದುನ ನಿಮ್ಮನ್ನು ಹೆದರಿಸಿದ. ಅವನು ಬರುತ್ತಾನೆಂದು ನಿಮಗೆ ಗೊತ್ತಿರಲಿಲ್ಲ. ಚಿನ್ನುವನ್ನು ನೀವು ಮುಟ್ಟಲೇ ಇಲ್ಲ. ಗಂಡಸು ಸತ್ತುಹೋದ ಮೇಲೆ ಅವನ ಪಾಪವನ್ನು ಯಾರ ತಲೆಗಾದರೂ ಕಟ್ಟಬೇಕಿತ್ತು, ನಿಮ್ಮ ತಲೆ ಹತ್ತಿರವಿತ್ತು. ಹೀಗೇ ಅಲ್ಲವೇ? ಹೌದು ಎಂದು ಒಂದು ಮಾತು ಬರೆಸಿ. ಉಳಿದದ್ದು ನಾನೂ ಹರ್ಷದಾ ಅವರೂ ನೋಡಿಕೊಳ್ಳುತ್ತೇವೆ.

ರಂಜಿನಿ

*

೧೭ ಸೆಪ್ಟೆಂಬರ್ ೨೦೨೫
ಮಹಿಳಾ ಜೈಲು
(ವಕೀಲೆ ಹರ್ಷದಾ ಅವರ ಕೈಯಲ್ಲಿ)

ರಂಜಿನಿಗೆ,

ಊಟ ಆತು. ಚವಳಿಕಾಯಿ ಪಲ್ಯೆ ಇತ್ತು. ನೀ ಕೇಳಿದ್ದಕ್ಕ ಹೇಳಾಕ ಏನೂ ಇಲ್ಲ.

ಚಂದಮ್ಮ (ಹೆಬ್ಬೆರಳ ಗುರುತು)

ಇಂದೂ ಬರೆಯುವುದು: ದಿಲ್ಲಿಯ ಕೋರ್ಟು ಕೊನೆಯ ಅರ್ಜಿಯನ್ನೂ ತಳ್ಳಿಹಾಕಿದೆ. ೧೦ನೇ ತಾರೀಕು ಜೈಲಿನ ಸಾಹೇಬರು ಅವಳನ್ನು ಆಫೀಸಿಗೆ ಕರೆಸಿ ಓದಿ ಹೇಳಿದರು. ಹರ್ಷದಾ ಅವರು ಹೇಳುವಂತೆ, ರಾಜ್ಯಪಾಲರಿಗೆ ಕ್ಷಮಾದಾನದ ಅರ್ಜಿ ಹಾಕಲು ಅಂದಿನಿಂದ ಮೂವತ್ತು ದಿನ. ಅವಳ ಪರವಾಗಿ ಹಾಕಲು ರಕ್ತಸಂಬಂಧಿಗಳು ಯಾರೂ ಇಲ್ಲ. ಅವಳೇ ಹಾಕಬೇಕು. ಒಂದು ವಾರ ಈಗಾಗಲೇ ಹೋಯಿತು.

*

ಧನಕವಡಿ
೨೦ ಸೆಪ್ಟೆಂಬರ್ ೨೦೨೫
(ಹರ್ಷದಾ ಅವರ ಕೈಯಲ್ಲಿ)

ಚಂದಮ್ಮನವರಿಗೆ,

ಇದರ ಜೊತೆ ಅರ್ಜಿ ಇದೆ. ಹನ್ನೊಂದು ಪುಟ, ಮರಾಠಿಯಲ್ಲಿ. ಹರ್ಷದಾ ಬರೆದಿದ್ದಾರೆ, ಅಂಗಡಿಯಲ್ಲಿ ನಾನೇ ಟೈಪ್ ಮಾಡಿದ್ದೇನೆ. ತುಂಬ ಚೆನ್ನಾಗಿ ಬಂದಿದೆ. ಓದಿದರೆ ಕಲ್ಲೂ ಕರಗಬೇಕು. ನಿಮ್ಮ ಬಡತನ, ಬಿಟ್ಟುಹೋದ ಗಂಡ, ಮೈದುನನ ಬೆದರಿಕೆ, ನಿಮ್ಮ ಮುಗ್ಧತೆ, ದಿಂಬಿನ ಸುಳ್ಳು, ಎಲ್ಲವೂ ಇದೆ. ಸಮಯವಿಲ್ಲದ್ದರಿಂದ ಕನ್ನಡಕ್ಕೆ ಮಾಡಲಾಗಲಿಲ್ಲ. ಪ್ರತಿ ಪುಟದ ಕೆಳಗೆ ಪೆನ್ಸಿಲ್‌ನಿಂದ ಗುರುತು ಹಾಕಿದ್ದೇನೆ. ಅಲ್ಲಲ್ಲಿ ಹೆಬ್ಬೆಟ್ಟು ಒತ್ತಿದರೆ ಸಾಕು. ಮಿಕ್ಕಿದ್ದಕ್ಕೆ ನೀವು ಚಿಂತೆ ಮಾಡಬೇಡಿ. ಬುಧವಾರ ಹರ್ಷದಾ ಬಂದು ಒಯ್ಯುತ್ತಾರೆ.

ನಾವು ಗೆಲ್ಲುತ್ತೇವೆ.

ರಂಜಿನಿ

*

೨೪ ಸೆಪ್ಟೆಂಬರ್ ೨೦೨೫
ಮಹಿಳಾ ಜೈಲು
(ಹರ್ಷದಾ ಅವರ ಕೈಯಲ್ಲಿ)

ರಂಜಿನಿ,

ನಿನ್ನ ಹನ್ನೊಂದು ಹಾಳಿ ತಿರಗಿ ಕಳಿಸೀನಿ. ಹೆಬ್ಬಟ್ಟು ಒತ್ತಿಲ್ಲ.

ಹಿಂದಕ ಹಿಂಗಽ ಒಂದು ಕಾಗದ ಬಂದಿತ್ತು. ಮರಾಠ್ಯಾಗ. ಒಬ್ಬ ಸಾಹೇಬ ನನ್ನ ಹೆಬ್ಬಟ್ಟು ಹಿಡದು, ‘ಇಥೆ ಲಾವ್, ಮಾವಶಿ, ಘಾಬರು ನಕೋ’ ಅಂದ. ಇಲ್ಲಿ ಒತ್ತು, ಘಾಬರಿ ಆಗಬ್ಯಾಡ ಅಂದ ಅಂತ ನಾ ಒತ್ತಿದೆ. ಅದರಾಗ ದಿಂಬು ಅದ ಅಂತ ನನಗ ಗೊತ್ತಾಗಿದ್ದು ಎರಡು ವರ್ಷ ಆದ ಮ್ಯಾಲ, ಕೋರ್ಟಿನ್ಯಾಗ. ನೀನೂ ಚಿಂತಿ ಮಾಡಬ್ಯಾಡ್ರಿ ಅಂತ ಬರದಿ. ಗುರುತು ಮಾಡಿ ಕೊಟ್ಟಿ. ಅಂವ ಪೊಲೀಸ್, ನೀ ನನ್ನ ಪೈಕಿ, ಆದ್ರ ಕಾಗದ ಎರಡೂ ಒಂದಽ ಜಾತಿಯವು.

ಇಂದಕ್ಕಗ ಮರಾಠಿ ಬರತದ. ಎರಡು ದಿನ ಕುಂಡ್ರಿಸಿ ಎಲ್ಲಾ ಓದಿಸಿದೆ. ಭಾಳ ಛಂದ ಅದ. ಅದರಾಗಿನ ಹೆಂಗಸು ಭಾಳ ಛಲೋ ಹೆಂಗಸು. ಆಕಿ ನಾನಲ್ಲ.

ನೀ ಕೇಳಿದ್ದಿ, ಹೀಂಗಽ ಅಲ್ಲೇನು ಅಂತ. ಹೀಂಗಲ್ಲ. ಕೇಳು.

ಆ ದಿನ ಮಧ್ಯಾಹ್ನ ಹಿಂದಿನ ಕದಾ ತಗದಾಕಿ ನಾನಽ. ಎಲ್ಲಾರೂ ಮಲಗೂ ಹೊತ್ತು, ಬಂಗಾರ ತಗೊಂಡು ಹೋಗಿಬಿಡತೀನಿ, ಯಾರಿಗೂ ಏನೂ ಆಗೂದಿಲ್ಲ ಅಂದಿದ್ದ ಮೈದುನ. ನಾ ಹೂಂ ಅಂದೆ. ಯಾಕ ಅಂದೆ ಅಂತ ಕೇಳಬ್ಯಾಡ. ಬೆದರಿಸಿ ಇಲ್ಲ, ಬಡದಿಲ್ಲ. ಅಂದೆ.

ಮದಲ ಮುದುಕಿ ಎದ್ದಳು. ಆಮ್ಯಾಲ ಸೊಸಿ. ಆ ಸಪ್ಪಳದ ಸುದ್ದಿ ನಾ ಹೇಳೂದಿಲ್ಲ. ಹುಡುಗ ಅಡಗಿ ಮನ್ಯಾಗ ನನ್ನ ಕಡೆ ಓಡಿ ಬಂದ. ಎತಿಕೊಂಡು ಸಾಮಾನು ಇಡೂ ಖೋಲಿ ಹೊಕ್ಕು ಒಳಗಿಂದ ಅಗಳಿ ಹಾಕಿದೆ. ಅಂವ ಅಳಾಕ ಹತ್ತಿದ. ಮೈದುನ ಹೊರಗ ಅಡ್ಡಾಡತಿದ್ದ. ಕೇಳಿದ್ರ ಇವನ್ನೂ ಬಿಡೂದಿಲ್ಲ ಅಂತ ಬಾಯಿ ಮ್ಯಾಲ ಕೈ ಇಟ್ಟೆ. ಬಿಗಿ ಇಟ್ಟೆ. ನನ್ನ ಕೈ ಅಂದ್ರ ನಿನಗ ಗೊತ್ತಿಲ್ಲ, ಕಲ್ಲು ಹೊತ್ತ ಕೈ. ಎಷ್ಟೊತ್ತು ಇಟ್ಟೆ ಅಂತ ಯಾವ ಕೋರ್ಟೂ ಕೇಳಲಿಲ್ಲ. ಕೇಳಿದ್ರ ನನಗೂ ಹೇಳಾಕ ಬರೂದಿಲ್ಲ. ಹೊರಗ ಸಪ್ಪಳ ನಿಂತ ಮ್ಯಾಲ ತಗದೆ. ಅಂವ ಸುಮ್ಮ ಇದ್ದ. ನಾ ಅಂದೆ, ಶಾಣ್ಯಾ ಅದಿ, ಹೆಂಗ ಸುಮ್ಮ ಕುಂತಿ ನೋಡು, ಶಾಣ್ಯಾ.

ದಿಂಬು ಇರಲಿಲ್ಲ. ಕೈ ಇತ್ತು.

ಮದಲಿನ ವಕೀಲ, ಏನೂ ಗೊತ್ತಿಲ್ಲ ಅಂತ ಹೇಳು ಅಂದ. ಹೇಳಿದೆ. ಇನ್ನ ಹೇಳೂದಿಲ್ಲ. ನಾ ಮುಟ್ಟಿಲ್ಲ ಅಂತ ಬರದ ಕಾಗದದ ಮ್ಯಾಲ ನಾ ಬಟ್ಟ ಇಡೂದಿಲ್ಲ. ಅದರಲೆ ಜೀವ ಉಳಿಯೂದಿದ್ರೂ ಇಡೂದಿಲ್ಲ.

ನಂದು ನಾ ಹೇಳೀನಿ. ಇನ್ನ ನಿಂದು ನೀ ಹೇಳು.

ಚಂದಮ್ಮ (ಹೆಬ್ಬೆರಳ ಗುರುತು)

*

ಧನಕವಡಿ
೨೬ ಸೆಪ್ಟೆಂಬರ್ ೨೦೨೫
(ಹರ್ಷದಾ ಅವರ ಕೈಯಲ್ಲಿ)

ಇಂದೂ ಅವರಿಗೆ ಮಾತ್ರ,

ಈ ಪತ್ರವನ್ನು ಚಂದಮ್ಮನವರಿಗೆ ಓದಿ ಹೇಳಬೇಡಿ.

ನೇರವಾಗಿ ಕೇಳುತ್ತೇನೆ. ಆ ಮಾತುಗಳು ಅವರದೋ ನಿಮ್ಮದೋ? ‘ದಿಂಬು ಇರಲಿಲ್ಲ, ಕೈ ಇತ್ತು.’ ಇದು ಕತೆ ಕಟ್ಟಲು ಬರುವವರ ವಾಕ್ಯ. ನೀವು ಶಿಕ್ಷಕಿಯಾಗಿದ್ದವರು. ಒಂಬತ್ತು ವರ್ಷ ಬಾಯಿ ಬಿಡದವಳು ಎರಡೇ ದಿನದಲ್ಲಿ, ಅದೂ ಅರ್ಜಿಯ ಗಡುವು ಓಡುತ್ತಿರುವಾಗ, ನಿಮ್ಮ ಎದುರಿಗೆ ಬಾಯಿ ಬಿಟ್ಟಳೇ? ನಿಮ್ಮ ಜೀವಾವಧಿಯಲ್ಲಿ ರಿಯಾಯಿತಿ ಕೇಳುವ ಸಮಯ ಹತ್ತಿರ ಬಂದಿದೆಯೇ? ಅವಳ ತಪ್ಪೊಪ್ಪಿಗೆ ಬರೆಸಿಕೊಟ್ಟರೆ ನಿಮಗೆ ಯಾರು ಏನು ಕೊಡುತ್ತೇನೆಂದಿದ್ದಾರೆ?

ಕಠಿಣವಾಗಿ ಬರೆಯುತ್ತಿದ್ದೇನೆಂದು ಗೊತ್ತು. ಒಬ್ಬಳ ಕುತ್ತಿಗೆಯ ಪ್ರಶ್ನೆ. ಆ ಪತ್ರವನ್ನು ಹರ್ಷದಾ ಅವರಿಗೆ ಅನುವಾದ ಮಾಡಿ ಹೇಳಿಲ್ಲ. ‘ಅವಳು ಹೆದರಿದ್ದಾಳೆ, ಅರ್ಜಿ ಆಮೇಲೆ ಒತ್ತುತ್ತಾಳೆ’ ಎಂದಿದ್ದೇನೆ.

ರಂಜಿನಿ

*

೩೦ ಸೆಪ್ಟೆಂಬರ್ ೨೦೨೫
ಮಹಿಳಾ ಜೈಲು
(ಹರ್ಷದಾ ಅವರ ಕೈಯಲ್ಲಿ)

ರಂಜಿನಿ,

ನಿನ್ನ ಪತ್ರವನ್ನು ಅವಳಿಗೆ ಓದಿ ಹೇಳಿದ್ದೇನೆ. ನಿನ್ನ ಮೊದಲ ಸಾಲನ್ನೂ ಸೇರಿಸಿ. ಇಲ್ಲಿ ಒಬ್ಬಳ ಹೆಸರಿನಲ್ಲಿ ಗುಟ್ಟಾಗಿ ಕಾಗದ ಓಡಾಡುವುದು ಸಾಕಾಗಿದೆ.

ಮೊದಲು ನನ್ನ ವಿಷಯ. ನಾನು ಒಳಗೆ ಬಂದು ಹದಿಮೂರು ವರ್ಷ ತುಂಬಿವೆ. ರಿಯಾಯಿತಿ ಕೇಳುವ ಸಮಯ ಬಂದಿದೆ ಎಂದು ನೀನು ಊಹಿಸಿದ್ದು ಸರಿ. ಯಾರೂ ಏನೂ ಕೊಡುತ್ತೇನೆಂದಿಲ್ಲ. ಇದನ್ನು ನೀನು ನಂಬಬೇಕಿಲ್ಲ, ನಂಬಿಸಲು ನನ್ನ ಹತ್ತಿರ ಸಾಕ್ಷಿಯೂ ಇಲ್ಲ. ಆ ಪತ್ರ ಬರೆಯುವುದಕ್ಕೆ ನಾನು ಒಲ್ಲೆ ಎಂದಿದ್ದೆ. ‘ಇದು ಹೊರಗೆ ಹೋದರೆ ನಿನ್ನ ಕಥಿ ಮುಗೀತು’ ಎಂದೆ. ಅವಳು, ‘ನೀ ಬರೀದಿದ್ರ ಆ ಜತ್ತಿನ ಬಾಯಿ ಕಡೆ ಬರಿಸತೀನಿ, ಆಕಿಗೆ ಒತ್ತಕ್ಷರ ಬರೂದಿಲ್ಲ, ನಿನಗಽ ನೋಡಾಕ ಆಗೂದಿಲ್ಲ’ ಎಂದಳು. ಬರೆದೆ.

ಸಂಶಯಪಡುವುದು ತಪ್ಪಲ್ಲ. ನಾವು ಇಲ್ಲಿ ಅದರಲ್ಲೇ ಬದುಕುತ್ತೇವೆ; ಪಕ್ಕದವಳು ಸಕ್ಕರೆ ಕೊಟ್ಟರೂ ಯಾಕೆ ಎಂದು ಕೇಳುತ್ತೇವೆ. ಆದರೆ ನಿನ್ನ ಸಂಶಯಕ್ಕೆ ಒಂದೇ ಕಣ್ಣು. ಚವಳಿಕಾಯಿ ಪಲ್ಯೆ ಎಂದು ಬರೆದಾಗ ಅದು ಯಾರ ಮಾತು ಎಂದು ನೀನು ಕೇಳಲಿಲ್ಲ. ನಿನಗೆ ಬೇಡದ ಮಾತು ಬಂದ ದಿನವೇ ಬರೆದವಳ ಕೈ ನೆನಪಾಯಿತು.

ಇನ್ನೊಂದು. ಆಗಸ್ಟಿನ ಪತ್ರದಲ್ಲಿ ನೀನು ‘ಚಿನ್ನು’ ಎಂದು ಬರೆದಿದ್ದೆ. ನಾನು ಗಮನಿಸದೆ ಓದಿಬಿಟ್ಟೆ. ಅವಳು ತಡೆದು ಮತ್ತೊಮ್ಮೆ ಓದಿಸಿದಳು. ತೀರ್ಪಿನಲ್ಲಿ ಮಗುವಿನ ಹೆಸರೇ ಇಲ್ಲ. ಸಾಲೆಯಲ್ಲಿ ಅವನು ಅಮೇಯ. ಚಿನ್ನು ಎಂದು ಕರೆಯುತ್ತಿದ್ದದ್ದು ಆ ಮನೆಯ ಒಳಗೆ ಬಂದು ಹೋದವರು ಮಾತ್ರ. ಅಂದಿನಿಂದ ಅವಳಿಗೆ ನೀನು ಸುಳ್ಳು ಹೇಳಿದ್ದೀ ಎಂದು ಗೊತ್ತು. ಸಿಟ್ಟಿಗೆದ್ದು ಪತ್ರ ನಿಲ್ಲಿಸುತ್ತಾಳೆ ಎಂದುಕೊಂಡೆ. ಅದರ ಬದಲು ಅವಳೇ, ‘ಅಂವನ ಗುರುತು ಇದ್ದಾಕಿ ಅದಾಳ. ಹೇಳೂದಿದ್ರ ಈಕಿಗೇ ಹೇಳಬೇಕು’ ಅಂದಳು. ಒಂಬತ್ತು ವರ್ಷ ಬಾಯಿ ಬಿ‌ಡದವಳು ಯಾಕೆ ಬಿಟ್ಟಳು ಎಂದು ಕೇಳಿದ್ದೆಯಲ್ಲ, ಅದಕ್ಕೆ.

ಉಳಿದಿರುವುದು ಹತ್ತು ದಿನ.

ಇಂದೂ

*

ಧನಕವಡಿ
೪ ಅಕ್ಟೋಬರ್ ೨೦೨೫
(ಹರ್ಷದಾ ಅವರ ಕೈಯಲ್ಲಿ)

ಚಂದಮ್ಮನವರಿಗೆ,

ಹೌದು.

ಆ ಮನೆಯ ಅತ್ತೆ ಕೃಷ್ಣಾಬಾಯಿಯವರ ಭಜನಿ ಮಂಡಳಿಯಲ್ಲಿ ನನ್ನ ಅಮ್ಮ ಹಾಡುತ್ತಿದ್ದಳು. ಹದಿನೈದರ ವಯಸ್ಸಿನಲ್ಲಿ ಶುಕ್ರವಾರಗಳಂದು ನಾನೂ ಜೊತೆಗೆ ಬರುತ್ತಿದ್ದೆ. ನನಗೆ ಭಜನೆ ಬೇಸರ. ಅಡಿಗೆಮನೆಯ ಬಾಗಿಲಲ್ಲಿ ಚಿನ್ನುವನ್ನು ಸೊಂಟದ ಮೇಲೆ ಕೂರಿಸಿಕೊಂಡು ನಿಲ್ಲುತ್ತಿದ್ದೆ. ಒಳಗೆ ನೀವು ರೊಟ್ಟಿ ಬಡಿಯುವ ಸಪ್ಪಳಕ್ಕೆ ಅವನು ತಾಳ ಹಾಕುತ್ತಿದ್ದ. ನಿಮ್ಮ ಮುಖ ನನಗೆ ನೆನಪಿಲ್ಲ. ಎಷ್ಟು ಪ್ರಯತ್ನಿಸಿದರೂ ಬರುವುದಿಲ್ಲ. ನನಗೆ ಅದಕ್ಕಿಂತ ನಾಚಿಕೆಯ ಸಂಗತಿ ಇನ್ನೊಂದಿಲ್ಲ.

ಇದನ್ನು ಹರ್ಷದಾ ಅವರಿಗೂ ಹೇಳಿರಲಿಲ್ಲ. ಹೇಳಿದ್ದರೆ ನಿಮಗೆ ಬರೆಯಲು ಬಿಡುತ್ತಿರಲಿಲ್ಲ. ಅಮ್ಮನಿಗೂ ಹೇಳಿರಲಿಲ್ಲ. ನಿಮ್ಮ ಪತ್ರಗಳು ನನ್ನ ಹಾಸಿಗೆಯ ಕೆಳಗಿದ್ದವು. ಮೊನ್ನೆ ದಸರಾದ ಮನೆ ಸ್ವಚ್ಛ ಮಾಡುವಾಗ ಅಮ್ಮನಿಗೆ ಸಿಕ್ಕವು. ನಾನು ಅಂಗಡಿಯಿಂದ ಬಂದಾಗ ಎಲ್ಲವನ್ನೂ ತಾರೀಕಿನ ಪ್ರಕಾರ ಜೋಡಿಸಿಟ್ಟುಕೊಂಡು ಕೂತಿದ್ದಳು.

‘ಕೃಷ್ಣಾಬಾಯಿ ಕೈಲೆ ಉಂಡ ಹುಡುಗಿ ನೀ. ಆಕಿಗೆ ಕಾಗದ ಬರೀತಿ?’ ಎಂದಳು.

‘ಅವರನ್ನ ಗಲ್ಲಿಗೆ ಹಾಕತಾರ, ಅಮ್ಮಾ.’

‘ಹಾಕಲಿ. ನಿನಗ ಯಾಕ ಉರೀತದ?’

ನಾನು ಕರಪತ್ರದ ಮಾತುಗಳನ್ನು ಹೇಳತೊಡಗಿದೆ. ನೇಣಿನಿಂದ ಅಪರಾಧ ನಿಲ್ಲುವುದಿಲ್ಲ, ನೇಣು ಬಡವರಿಗೇ, ಎಲ್ಲ. ಅವಳು ಕೈ ಎತ್ತಿ ನಿಲ್ಲಿಸಿದಳು. ‘ಅದೆಲ್ಲಾ ಇರಲಿ. ಇದನ್ನ ಓದೀಯೇನು ನೀ?’ ಎಂದು ನಿಮ್ಮ ಸೆಪ್ಟೆಂಬರ್ ಇಪ್ಪತ್ತನಾಲ್ಕರ ಪತ್ರ ಮುಂದಿಟ್ಟಳು. ಓದಿದ್ದೇನೆ ಎಂದೆ. ‘ಮತ್ತ?’ ಎಂದಳು. ಅಮ್ಮ ಎದ್ದು ಒಳಗೆ ಹೋದಳು. ಆ ದಿನದಿಂದ ಅನ್ನಕ್ಕೆ ಕರೆಯುತ್ತಾಳೆ, ಬೇರೆ ಮಾತಾಡುವುದಿಲ್ಲ.

ನೀವು ಮಾಡಿಲ್ಲ ಎಂದು ನಂಬಿದ್ದರಿಂದ ನಿಮಗೆ ಬರೆಯುವುದು ನನಗೆ ಸುಲಭವಾಗಿತ್ತು. ಪೊಲೀಸರ ಮೇಲೆ, ಕೋರ್ಟಿನ ಮೇಲೆ, ಇಂದೂ ಅವರ ಮೇಲೆ ಸಂಶಯಪಟ್ಟೆ. ದಿಂಬು ಸುಳ್ಳಾಗಿದ್ದರಿಂದ ಉಳಿದದ್ದೂ ಸುಳ್ಳೆಂದುಕೊಂಡೆ. ನಿಮ್ಮ ಬೆರಳಿಗಾಗಿ ಪೆನ್ಸಿಲ್‌ನಿಂದ ಗುರುತು ಹಾಕಿ ಕಳಿಸಿದೆ. ಅದನ್ನು ಹೇಗೆ ಸರಿಪಡಿಸಬೇಕೋ ಗೊತ್ತಿಲ್ಲ. ಇಂದೂ ಅವರ ಕ್ಷಮೆ ಕೇಳುತ್ತೇನೆ.

ನಿಮ್ಮ ಪತ್ರವನ್ನು ನಂಬಿದ ಮೇಲೆ ಮೂರು ದಿನ ನನ್ನನ್ನು ನಾನೇ ಕೇಳಿಕೊಂಡೆ: ಈಗಲೂ ನೀನು ನೇಣಿಗೆ ವಿರುದ್ಧವೇ? ಒಂದು ದಿನ ಅಲ್ಲ ಎಂಬ ಉತ್ತರವೂ ಬಂತು. ಅದನ್ನು ಮುಚ್ಚಿಡುವುದಿಲ್ಲ. ಆ ದಿನ ಚಿನ್ನುವಿನ ಭಾರ ನನ್ನ ಸೊಂಟದ ಮೇಲೇ ಇತ್ತು. ಮರುದಿನ ಅಂಗಡಿಯಲ್ಲಿ ಯಾರದೋ ಪರೀಕ್ಷೆಯ ಹಾಳೆ ಝೆರಾಕ್ಸ್ ಮಾಡುತ್ತ ನಿಂತಿದ್ದಾಗ, ನಿಮ್ಮನ್ನು ಎಬ್ಬಿಸಿ, ಸ್ನಾನ ಮಾಡಿಸಿ, ತೂಕ ನೋಡಿ, ಹಗ್ಗದ ಅಳತೆ ಲೆಕ್ಕ ಹಾಕುವ ಜನರನ್ನು ಯೋಚಿಸಿದೆ. ಅವರೆಲ್ಲರಿಗೂ ಸಮಯವಿರುತ್ತದೆ, ಸಂಬಳವಿರುತ್ತದೆ. ಯಾರೂ ಅಲ್ಲಿ ಹೆದರಿ ಕತ್ತಲ ಕೋಣೆಯಲ್ಲಿ ಅಡಗಿರುವುದಿಲ್ಲ. ನನಗೆ ಅದು ಬೇಡ. ನೀವು ಸಾಯುವುದು ನನಗೆ ಬೇಡ. ಮಾಡಿದ್ದೀರಿ, ಆದರೂ ಬೇಡ.

ಹರ್ಷದಾ ಅವರಿಗೆ ಈಗ ಎಲ್ಲ ಹೇಳಿದ್ದೇನೆ, ನನ್ನದನ್ನೂ. ಬಹಳ ಹೊತ್ತು ನನ್ನನ್ನು ಬೈದರು. ‘ಇದನ್ನು ಬರೆದರೆ ಹಗ್ಗಕ್ಕೆ ಗಂಟು ಹಾಕಿಕೊಟ್ಟಂತೆ’ ಎಂದರು. ಆಮೇಲೆ, ‘ಅರ್ಜಿ ಅವಳದು, ನನ್ನದಲ್ಲ’ ಎಂದರು.

ಇದರೊಂದಿಗೆ ಖಾಲಿ ಹಾಳೆಗಳಿವೆ. ಗಡುವು ಹತ್ತನೇ ತಾರೀಕು. ನಿಮಗೆ ಬೇಕಾದದ್ದನ್ನು ಬರೆಸಿ. ನಾನು ಒಂದು ಅಕ್ಷರ ಬದಲಿಸದೆ ಮರಾಠಿಗೆ ತಂದು ಜೊತೆಗೆ ಲಗತ್ತಿಸುತ್ತೇನೆ. ಏನೂ ಬರೆಸದೆ ಇದ್ದರೆ, ಅದೂ ನಿಮ್ಮದೇ. ಆದರೆ ಬರೆಸಿ.

ರಂಜಿನಿ

*

೮ ಅಕ್ಟೋಬರ್ ೨೦೨೫
ಮಹಿಳಾ ಜೈಲು, ಪುಣೆ

ರಾಜ್ಯಪಾಲ ಸಾಹೇಬರಿಗೆ ಚಂದಮ್ಮನ ನಮಸ್ಕಾರ.

ಮಾನ್ಯ ಅಂತ ಹಾಕಬೇಕು ಅಂತ ಇಂದಕ್ಕ ಹೇಳತಾಳ. ಮಾನ್ಯ ಸಾಹೇಬರ.

ಈ ಅರ್ಜಿ ಕನ್ನಡದಾಗ ಅದ. ಯಾಕಂದ್ರ ನನಗ ತಿಳಿಯೂದು ಇದೊಂದಽ. ನಾ ಹೇಳೀನಿ, ಇಂದಕ್ಕ ಬರದಾಳ, ಎರಡು ಸಲ ಓದಿ ತೋರಿಸ್ಯಾಳ.

ಕೊಂಢವಾದ ಆ ಮನ್ಯಾಗ ಹಿಂದಿನ ಕದಾ ತಗದಾಕಿ ನಾನಽ. ಕಳುವು ಆಗತದ ಅಂತ ಗೊತ್ತಿತ್ತು. ಕೊಲಿ ಆಗತದ ಅಂತ ಗೊತ್ತಿರಲಿಲ್ಲ. ಕೂಸು ಸಪ್ಪಳ ಮಾಡಬಾರದು ಅಂತ ಬಾಯಿ ಮುಚ್ಚಿದೆ, ನನ್ನ ಕೈಯಾಗ ಸತ್ತಿತು. ಉಳಸಾಕ ಮುಚ್ಚಿದೆ. ಅದು ನನಗ ಗೊತ್ತದ. ನೀವು ನಂಬಬೇಕು ಅಂತ ಏನಿಲ್ಲ. ದಿಂಬಿನ ಮಾತು ಖರೆ ಅಲ್ಲ. ಅದು ಖರೆ ಅಲ್ಲ ಅಂದ್ರ ನಾ ಮಾಡಿಲ್ಲ ಅಂತ ಆಗೂದಿಲ್ಲ.

ಆ ಕೂಸಿನ ಅಪ್ಪ ಬಿಂದುಮಾಧವ ಸಾಹೇಬರು. ಆ ದಿನ ಆಫೀಸಿನ್ಯಾಗ ಇದ್ರು. ಕೋರ್ಟಿಗೆ ಒಂದೂ ತಾರೀಕು ತಪ್ಪಿಸಲಿಲ್ಲ. ಗ್ವಾಡಿಗೆ ಹತ್ತಿ ಕುಂಡ್ರತಿದ್ರು. ನನ್ನ ಕಡೆ ಒಮ್ಮೆಯೂ ನೋಡಲಿಲ್ಲ. ವಕೀಲರು ಅವರಿಗೆ ಎಲ್ಲಾ ಹೇಳ್ಯಾರ, ಎಷ್ಟು ಗಂಟೆಕ್ಕ, ಯಾವ ಖೋಲಿ, ಡಾಕ್ಟರ್ ಏನಂದ್ರು. ಆದ್ರ ಕೂಸು ಕಡೀಕ ಯಾರನ್ನ ಕರೀತು, ಏನ ಅಂತು, ಅದನ್ನ ಅವರಿಗೆ ಯಾರೂ ಹೇಳಿಲ್ಲ. ಹೇಳಾಕ ಯಾರಿಗೆ ಗೊತ್ತದ ಹೇಳ್ರಿ? ಮೂರು ಮಂದಿ ಸತ್ತರು, ಮೈದುನ ಸತ್ತ. ನನಗೊಬ್ಬಾಕಿಗೆ ಗೊತ್ತು.

ಅವರು ಕೇಳಿಲ್ಲ. ಕೇಳಬೇಕು ಅಂತಲೂ ಇಲ್ಲ. ನಾನಾಗಿ ಹೋಗಿ ಹೇಳೂ ಮಾತಲ್ಲ ಅದು. ಅದಕ್ಕಽ ಈ ಅರ್ಜ್ಯಾಗೂ ಬರಿಸಿಲ್ಲ. ಆದ್ರ ಮನಶ್ಯಾಗ ವಯಸ್ಸಾಗತದ. ಹತ್ತು ವರ್ಷಕ್ಕೋ ಇಪ್ಪತ್ತು ವರ್ಷಕ್ಕೋ ಒಂದಿನ ಅವರಿಗೆ ಕೇಳಬೇಕು ಅನಿಸಬಹುದು. ಆಗ ಬಂದು ಕೇಳಿದ್ರ ಹೇಳಾಕ ಯಾರರೆ ಇರಬೇಕಲ್ರಿ. ಅಲ್ಲೀತನಾ ನನ್ನ ಒಳಗಽ ಇಡ್ರಿ. ಬಿಡ್ರಿ ಅಂತ ನಾ ಕೇಳೂದಿಲ್ಲ.

ಇಷ್ಟು ಬರದು ಇಂದಕ್ಕ ಪೆನ್ನು ಇಟ್ಟಳು. ಜಡ್ಡು ಜಾಪತ್ರಿ, ವಯಸ್ಸು, ಮಕ್ಕಳು, ಇಲ್ಲಿ ಛಲೋ ನಡಕೊಂಡದ್ದು, ಏನರೆ ಇದ್ರ ಹೇಳು, ಅದನ್ನೂ ಹಾಕೂನು ಅಂದಳು. ಜಡ್ಡು ಇಲ್ಲ. ಮಕ್ಕಳಿಲ್ಲ. ಎಲ್ಲಾರೂ ನಡಕೊಂಡಂಗ ನಡಕೊಂಡೀನಿ.

ಇನ್ನೊಂದು ಅದ, ಅದು ಕಾರಣ ಹೌದೋ ಅಲ್ಲೋ ನನಗ ತಿಳೀದು. ಸಾಹೇಬರ, ನನಗ ಭಾಳ ಅಂಜಿಕಿ ಬರತದ. ಆ ಕೂಸು ಸತ್ತ ಮ್ಯಾಲ ನನಗ ಬದುಕೂ ಆಸೆ ಇರಬಾರದಿತ್ತು. ಆದ್ರ ಅದ ರೀ. ಮುಂಜಾನೆದ್ದು ಮಾರಿ ತೊಳಕೋತ ಇದ್ದಾಗ ನೀರು ತಣ್ಣಗ ಇದ್ರ, ಛಲೋ ಅನಸತದ.

ಚಂದಮ್ಮ (ಹೆಬ್ಬೆರಳ ಗುರುತು)